ಪ್ಯಾಡಿಂಗ್ಟನ್ ಸ್ಟೇಷನ್ ಹಿಂದಿನ ಕಾಲುವೆ ದಂಡೆ: ಕೊಡಗಿನಿಂದ ಲಂಡನ್‌ಗೆ ಹೋಗುವವರಿಗೆ ಸಮಗ್ರ ಮಾರ್ಗದರ್ಶಿ

ಮಗಳೋ ಮಗನೋ ಲಂಡನ್‌ನಲ್ಲಿ ಕೆಲಸದಲ್ಲಿದ್ದಾರೆ ಅಂತ ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ ಕಡೆಯಿಂದ ಹೋಗುವ ಅಪ್ಪ ಅಮ್ಮಂದಿರು ಈಗ ಬಹಳ ಜನ. ಮೊದಲ ವಾರ ಬಿಗ್ ಬೆನ್, ಟವರ್ ಬ್ರಿಡ್ಜ್, ರಾಣಿ ಇದ್ದ ಅರಮನೆ ಎಲ್ಲ ಮುಗಿಯುತ್ತದೆ. ಆಮೇಲೆ ಮಕ್ಕಳು ಆಫೀಸಿಗೆ ಹೋಗುತ್ತಾರೆ. ಇವರು ಕಿಟಕಿ ಪಕ್ಕ ಕೂತು, ತೋಟದ ಕಡೆ ಮಳೆ ಬಂತಾ, ಆಳುಗಳು ಬಂದ್ರಾ ಅಂತ ಊರಿಗೆ ಫೋನ್ ಮಾಡುತ್ತಾ ದಿನ ತಳ್ಳುತ್ತಾರೆ. ಹಾಗೆ ಕೂರುವ ಬದಲು ಒಂದು ದಿನ, ಮಕ್ಕಳ ಸಹಾಯ ಇಲ್ಲದೆ, ಇಬ್ಬರೇ ಹೋಗಿ ಬರಬಹುದಾದ ಜಾಗ ಒಂದಿದೆ. ಪ್ಯಾಡಿಂಗ್ಟನ್ ರೈಲ್ವೆ ಸ್ಟೇಷನ್ ಮತ್ತು ಅದರ ಹಿಂದಿನ ಕಾಲುವೆ ದಂಡೆ. ಅಲ್ಲಿಂದ ಹತ್ತು ನಿಮಿಷದ ದೂರದಲ್ಲಿ ಲಿಟ್ಲ್ ವೆನಿಸ್ ಅನ್ನುವ ಬಡಾವಣೆ.

ಟಿಕೆಟ್ ಇಲ್ಲ, ಕ್ಯೂ ಇಲ್ಲ. ಹತ್ತಿ ಇಳಿಯುವುದು ಕಡಿಮೆ. ನೀರಿನ ಪಕ್ಕದ ದಾರಿ ಹಿಡಿದರೆ ದಾರಿ ತಪ್ಪುವ ಮಾತೂ ಇಲ್ಲ. ಇನ್ನೊಂದು ಕಾರಣ ನಮಗೆ ಮಾತ್ರ ಸಂಬಂಧಪಟ್ಟದ್ದು. ಇದೇ ಕಾಲುವೆ ಹಿಡಿದು ಪಶ್ಚಿಮಕ್ಕೆ ಮುಕ್ಕಾಲು ಗಂಟೆ ನಡೆದರೆ ಕೊಡಗಿನ ಕೊನೆಯ ರಾಜನನ್ನು ಮಣ್ಣು ಮಾಡಿದ ಸ್ಮಶಾನ ಸಿಗುತ್ತದೆ. ಲಂಡನ್ ನೋಡಿ ಬಂದ ನಮ್ಮವರಲ್ಲಿ ಹೆಚ್ಚಿನವರು ಅಲ್ಲಿಗೆ ಹೋಗಿರುವುದಿಲ್ಲ. ಅದರ ಬಗ್ಗೆ ಮುಂದೆ ಬರೆಯುತ್ತೇನೆ.

ಯಾವಾಗ ಹೋಗಬೇಕು

ಕಾಫಿ ಕೊಯ್ಲು ಮುಗಿದು, ಹೂಮಳೆಯೋ ಸ್ಪ್ರಿಂಕ್ಲರೋ ಯಾವುದಾದರೂ ಒಂದು ಆಗಿ, ಕಾಯಿ ಕಟ್ಟುವುದನ್ನು ನೋಡಿಕೊಂಡು ಹೊರಟರೆ ಏಪ್ರಿಲ್ ಕೊನೆ ಅಥವಾ ಮೇ ತಿಂಗಳು. ಲಂಡನ್‌ಗೂ ಅದೇ ಒಳ್ಳೆ ಸಮಯ. ಚಳಿ ಬಿಟ್ಟಿರುತ್ತದೆ, ಮರಗಳು ಚಿಗುರಿರುತ್ತವೆ, ಬಾತುಕೋಳಿಗಳು ಮರಿ ಕಟ್ಟಿಕೊಂಡು ಓಡಾಡುತ್ತಿರುತ್ತವೆ. ಮೇ ತಿಂಗಳ ಮೊದಲ ಸೋಮವಾರ ಅಲ್ಲಿ ರಜೆ. ಆ ವಾರಾಂತ್ಯದಲ್ಲಿ ಲಿಟ್ಲ್ ವೆನಿಸ್‌ನಲ್ಲಿ ಕೆನಾಲ್‌ವೇ ಕ್ಯಾವಲ್ಕೇಡ್ ಅನ್ನುವ ದೋಣಿ ಹಬ್ಬ ಇರುತ್ತದೆ. 1983ರಲ್ಲಿ ಶುರುವಾದದ್ದು. ಬಣ್ಣದ ಬಾವುಟ ಕಟ್ಟಿಕೊಂಡ ದೋಣಿಗಳು ಒತ್ತೊತ್ತಾಗಿ ನಿಂತಿರುತ್ತವೆ, ರಾತ್ರಿ ದೀಪ ಹಚ್ಚಿಕೊಂಡು ಮೆರವಣಿಗೆ ಹೋಗುತ್ತವೆ. ಜನ ಮಾತ್ರ ವಿಪರೀತ. ಶಾಂತವಾಗಿ ನೋಡಬೇಕು ಅನ್ನುವವರು ಆ ಮೂರು ದಿನ ಬಿಟ್ಟು ಹೋಗಿ.

ಜೂನ್‌ನಲ್ಲಿ ಹೋದರೆ ರಾತ್ರಿ ಒಂಬತ್ತು ಗಂಟೆ ದಾಟಿದರೂ ಬೆಳಕಿರುತ್ತದೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೆಲ್ಲ ಕತ್ತಲು. ಪುತ್ತರಿ ಮುಗಿಸಿ ಹೋಗುವವರು ಇದನ್ನು ಲೆಕ್ಕ ಹಾಕಿಕೊಂಡು ಬೆಳಿಗ್ಗೆಯೇ ಮನೆ ಬಿಡಿ.

ಮಳೆ ಬಗ್ಗೆ ಮಕ್ಕಳು ಹೆದರಿಸುತ್ತಾರೆ. ನಂಬಬೇಡಿ. ಲಂಡನ್‌ನಲ್ಲಿ ಇಡೀ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್. ಮಡಿಕೇರಿಯಲ್ಲಿ ಸಾಮಾನ್ಯವಾಗಿ ಒಂದೇ ಜುಲೈಯಲ್ಲಿ ಅದಕ್ಕಿಂತ ಜಾಸ್ತಿ ಸುರಿಯುತ್ತದೆ, ಭಾಗಮಂಡಲದ ಕಡೆಯ ಮಾತು ಬಿಡಿ. ಅಲ್ಲಿಯದು ಸಣ್ಣಗೆ ಪಿರಿಪಿರಿ ಮಳೆ. ಆದರೆ ಜತೆಗೆ ಗಾಳಿ ಇರುತ್ತದೆ, ನಮ್ಮ ಕೊಡೆ ಮಗುಚಿಕೊಳ್ಳುತ್ತದೆ. ಟೋಪಿ ಇರುವ ಜಾಕೆಟ್ ಸಾಕು.

ಊರಿನಿಂದ ಪ್ಯಾಡಿಂಗ್ಟನ್‌ವರೆಗೆ

ವೀಸಾ ವಿಷಯ ಬೇಗ ಮುಗಿಸುತ್ತೇನೆ. ಸಂದರ್ಶಕರ ವೀಸಾದಲ್ಲಿ ಒಂದು ಸಲಕ್ಕೆ ಸಾಮಾನ್ಯವಾಗಿ ಆರು ತಿಂಗಳವರೆಗೆ ಇರಬಹುದು. ಹೊರಡುವ ಮೂರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಬೆರಳಚ್ಚು, ಫೋಟೋಗೆ ಬೆಂಗಳೂರಿಗೆ ಹೋಗಬೇಕು. ತೋಟದ ಆರ್‌ಟಿಸಿ, ಬ್ಯಾಂಕ್ ಸ್ಟೇಟ್‌ಮೆಂಟ್, ಮಕ್ಕಳ ಕಡೆಯಿಂದ ಒಂದು ಪತ್ರ ಜೋಡಿಸಿಟ್ಟುಕೊಳ್ಳಿ. ಕನ್ನಡದಲ್ಲಿರುವ ಕಾಗದಕ್ಕೆ ಇಂಗ್ಲಿಷ್ ಅನುವಾದ ಮಾಡಿಸಬೇಕು, ಇದನ್ನು ಕೊನೆ ಗಳಿಗೆಗೆ ಇಟ್ಟುಕೊಳ್ಳಬೇಡಿ.

ವಿರಾಜಪೇಟೆಯವರಿಗೆ ಮಾಕುಟ್ಟ ಇಳಿದರೆ ಕಣ್ಣೂರು ವಿಮಾನ ನಿಲ್ದಾಣ ಹತ್ತಿರ, ನಿಜ. ಆದರೆ ಅಲ್ಲಿಂದ ಲಂಡನ್‌ಗೆ ನೇರ ವಿಮಾನ ಇಲ್ಲ, ಮಧ್ಯದಲ್ಲಿ ಎಲ್ಲಾದರೂ ಬದಲಾಯಿಸಲೇಬೇಕು. ವಯಸ್ಸಾದವರಿಗೆ ನಾನು ಹೇಳುವುದು ಬೆಂಗಳೂರಿನಿಂದ ಹೀತ್ರೂಗೆ ನೇರ ವಿಮಾನವನ್ನೇ. ಮೈಸೂರಿಗೆ ಬಂದುಬಿಟ್ಟರೆ ಅಲ್ಲಿಂದ ಕೆಎಸ್‌ಆರ್‌ಟಿಸಿ ಫ್ಲೈಬಸ್ ಸೀದಾ ವಿಮಾನ ನಿಲ್ದಾಣದ ಬಾಗಿಲಿಗೆ ಬಿಡುತ್ತದೆ.

ಹೀತ್ರೂವಿನಿಂದ ಪ್ಯಾಡಿಂಗ್ಟನ್‌ಗೆ ಎರಡು ರೈಲು. ಹೀತ್ರೂ ಎಕ್ಸ್‌ಪ್ರೆಸ್ ಹದಿನೈದು ನಿಮಿಷದಲ್ಲಿ ತಲುಪಿಸುತ್ತದೆ, ಎಲಿಜಬೆತ್ ಲೈನ್ ಸುಮಾರು ಅರ್ಧ ಗಂಟೆಯಲ್ಲಿ. ಮುಂಗಡ ಟಿಕೆಟ್ ಇಲ್ಲದೆ ಹತ್ತಿದರೆ ಎಕ್ಸ್‌ಪ್ರೆಸ್‌ಗೆ ಹೆಚ್ಚುಕಡಿಮೆ ಎರಡರಷ್ಟು ದುಡ್ಡು. ಉಳಿಯುವ ಹದಿನೈದು ನಿಮಿಷಕ್ಕೆ ಅಷ್ಟು ಕೊಡುವ ಅಗತ್ಯ ನನಗಂತೂ ಕಂಡಿಲ್ಲ. ಎಲಿಜಬೆತ್ ಲೈನ್ 2022ರ ಮೇ ತಿಂಗಳಲ್ಲಿ ಶುರುವಾದದ್ದು. ಬೋಗಿ ಅಗಲ, ಸಾಮಾನು ಇಡಲು ಜಾಗ ಇದೆ, ಲಿಫ್ಟ್ ಇದೆ.

ಊರೊಳಗಿನ ರೈಲಿಗೆಲ್ಲ ಬ್ಯಾಂಕ್ ಕಾರ್ಡನ್ನೇ ಗೇಟಿಗೆ ಮುಟ್ಟಿಸಿ ಒಳಗೆ ಹೋಗುವುದು, ಮುಟ್ಟಿಸಿ ಹೊರಗೆ ಬರುವುದು. ಇಬ್ಬರಿಗೆ ಒಂದೇ ಕಾರ್ಡ್ ನಡೆಯುವುದಿಲ್ಲ, ಒಬ್ಬೊಬ್ಬರಿಗೆ ಒಂದೊಂದು ಬೇಕು. ಒಳಗೆ ಹೋದ ಕಾರ್ಡಿನಲ್ಲೇ ಹೊರಗೆ ಬರಬೇಕು, ಇಲ್ಲದಿದ್ದರೆ ಗರಿಷ್ಠ ದರ ಕತ್ತರಿಸುತ್ತಾರೆ. ಊರಿನ ಬ್ಯಾಂಕ್ ಕಾರ್ಡ್ ಆದರೆ ಹೊರಡುವ ಮೊದಲೇ ವಿದೇಶದ ಬಳಕೆ ಆನ್ ಮಾಡಿಸಿಕೊಳ್ಳಿ. ಅದೂ ಬೇಡ ಅಂದರೆ ಮೊದಲೇ ದುಡ್ಡು ತುಂಬಿಸಿ ಬಳಸುವ ಆಯ್ಸ್ಟರ್ ಕಾರ್ಡ್ ತೆಗೆದುಕೊಳ್ಳಿ.

ಮೊದಲು ಸ್ಟೇಷನ್ನನ್ನೇ ನೋಡಿ

ಎಲ್ಲರೂ ಇಲ್ಲಿ ಪೆಟ್ಟಿಗೆ ಎಳೆದುಕೊಂಡು ಓಡುತ್ತಾರೆ. ನೀವು ಓಡಬೇಡಿ. ನಮ್ಮ ಜಿಲ್ಲೆಯಲ್ಲಿ ಒಂದು ಅಡಿ ರೈಲು ಹಳಿಯೂ ಇಲ್ಲ. ಹಾಗಿರುವಾಗ ಜಗತ್ತಿನ ಹಳೆಯ ದೊಡ್ಡ ಸ್ಟೇಷನ್ ಒಂದರಲ್ಲಿ ಅರ್ಧ ಗಂಟೆ ಸುಮ್ನೆ ಕೂರುವುದರಲ್ಲಿ ನಾಚಿಕೆ ಏನು?

ಈಗಿನ ಕಟ್ಟಡ 1854ರದು. ಕಟ್ಟಿದವನು ಇಸಂಬಾರ್ಡ್ ಕಿಂಗ್‌ಡಮ್ ಬ್ರೂನೆಲ್ ಅನ್ನುವ ಎಂಜಿನಿಯರ್. ತಲೆ ಎತ್ತಿ ನೋಡಿ, ಕಬ್ಬಿಣದ ಕಮಾನು, ಗಾಜಿನ ಮಾಡು. ಬ್ರೂನೆಲ್ ಮಾಡಿದ್ದು ಮೂರು ಸಾಲು, ನಾಲ್ಕನೆಯದು ಇಪ್ಪತ್ತನೇ ಶತಮಾನದಲ್ಲಿ ಸೇರಿದ್ದು. ಜಗತ್ತಿನ ಮೊದಲ ಸುರಂಗ ರೈಲು, 1863ರ ಜನವರಿಯಲ್ಲಿ, ಓಡಿದ್ದೂ ಪ್ಯಾಡಿಂಗ್ಟನ್‌ನಿಂದಲೇ, ಫ್ಯಾರಿಂಗ್ಡನ್‌ವರೆಗೆ. ಆಗ ಎಳೆಯುತ್ತಿದ್ದದ್ದು ಹೊಗೆ ಬಿಡುವ ಉಗಿ ಎಂಜಿನ್. ಸುರಂಗದೊಳಗೆ ಕೂತವರ ಪಾಡು ಯೋಚಿಸಿ.

ಒಂದನೇ ಪ್ಲಾಟ್‌ಫಾರ್ಮ್‌ಗೆ ಹೋಗಿ. ಅಲ್ಲಿ ಗಡಿಯಾರದ ಕೆಳಗೆ ಮಕ್ಕಳ ಕತೆಯ ಪ್ಯಾಡಿಂಗ್ಟನ್ ಕರಡಿಯ ಕಂಚಿನ ಪ್ರತಿಮೆ ಇದೆ, ಮೊಮ್ಮಕ್ಕಳಿಗೆ ಫೋಟೋ ಕಳಿಸಲು ಸರಿ. ಅದೇ ಪ್ಲಾಟ್‌ಫಾರ್ಮ್‌ನಲ್ಲಿ ಇನ್ನೊಂದು ಪ್ರತಿಮೆ ಇದೆ, ಅದನ್ನು ಹೆಚ್ಚು ಜನ ನೋಡುವುದಿಲ್ಲ. ಮೊದಲ ಮಹಾಯುದ್ಧದಲ್ಲಿ ಸತ್ತ ರೈಲ್ವೆ ನೌಕರರ ನೆನಪಿಗೆ 1922ರಲ್ಲಿ ನಿಲ್ಲಿಸಿದ ಸಿಪಾಯಿ. ಹೆಗಲ ಮೇಲೆ ಕೋಟು, ಕೈಯಲ್ಲಿ ಮನೆಯಿಂದ ಬಂದ ಕಾಗದ, ಅದನ್ನು ಓದುತ್ತಾ ನಿಂತಿದ್ದಾನೆ. ಮನೆಗೊಬ್ಬ ಸೈನ್ಯದಲ್ಲಿರುವ ನಾಡಿನಿಂದ ಹೋದವರು ಅದರ ಮುಂದೆ ಒಂದು ನಿಮಿಷ ನಿಲ್ಲದೆ ಬರಲಾರರು.

ಸ್ಟೇಷನ್‌ನಲ್ಲಿ ಶೌಚಾಲಯ ಉಚಿತ. ಹೊರಗೆ ಕಾಲುವೆ ದಾರಿಯಲ್ಲಿ ಸುಲಭವಾಗಿ ಸಿಗುವುದಿಲ್ಲ. ಇಲ್ಲೇ ಮುಗಿಸಿಕೊಂಡು ಹೊರಡಿ, ಇದು ಈ ಬರಹದ ಅತಿ ಮುಖ್ಯ ಸಲಹೆ ಅಂದರೂ ತಪ್ಪಿಲ್ಲ.

ಕಾಲುವೆಗೆ ಇಳಿಯುವುದು

ಸ್ಟೇಷನ್‌ಗೆ ಹಲವು ಬಾಗಿಲು. ನಿಮಗೆ ಬೇಕಾದದ್ದು ಹ್ಯಾಮರ್‌ಸ್ಮಿತ್ ಅಂಡ್ ಸಿಟಿ ಲೈನ್ ಎಂದು ಬರೆದಿರುವ, ಟ್ಯಾಕ್ಸಿ ನಿಲ್ಲುವ ಉತ್ತರ ಭಾಗದ ಬಾಗಿಲು. ಪ್ರೇಡ್ ಸ್ಟ್ರೀಟ್ ಕಡೆ ಹೊರಬಿದ್ದರೆ ಬಸ್ಸು, ಹೋಟೆಲು, ಗದ್ದಲ. ಉತ್ತರದ ಬಾಗಿಲಲ್ಲಿ ಹೊರಬಿದ್ದರೆ ಎದುರಿಗೇ ನೀರು.

ನೀರಿಗೆ ಮುಖ ಮಾಡಿ ನಿಲ್ಲಿ. ಬಲಕ್ಕೆ ಪ್ಯಾಡಿಂಗ್ಟನ್ ಬೇಸಿನ್, ಅಂದರೆ ಕಾಲುವೆ ಕೊನೆಯಾಗುವ ಕೊಳ, ಎಡಕ್ಕೆ ಲಿಟ್ಲ್ ವೆನಿಸ್. ಇಷ್ಟು ನೆನಪಿದ್ದರೆ ಸಾಕು.

ನಮಗೆ ಕಾಲುವೆ ಅಂದರೆ ಹಾರಂಗಿ ನಾಲೆ, ಗದ್ದೆಗೆ ನೀರು. ಇದು ಹಾಗಲ್ಲ, ಇದು ಸರಕು ಸಾಗಿಸಲು ತೋಡಿದ್ದು. ರೈಲು ಬರುವ ಮೊದಲು ಇಂಗ್ಲೆಂಡಿನ ರಸ್ತೆಗಳಲ್ಲಿ ಭಾರ ಎಳೆಯುವುದು ಕಷ್ಟವಿತ್ತು. ನೀರಿನ ಮೇಲಾದರೆ ಒಂದೇ ಕುದುರೆ ಟನ್‌ಗಟ್ಟಲೆ ಸರಕಿರುವ ದೋಣಿಯನ್ನು ಎಳೆದುಬಿಡುತ್ತಿತ್ತು. ದಂಡೆಯ ಮೇಲೆ ಕುದುರೆ, ಉದ್ದ ಹಗ್ಗ, ಹಿಂದೆ ದೋಣಿ. ನೀವು ನಡೆಯುವ ದಾರಿ ಆ ಕುದುರೆಯ ದಾರಿಯೇ. ಅದಕ್ಕೇ ಅದು ಅಷ್ಟು ಸಮತಟ್ಟು. ಈ ಪ್ಯಾಡಿಂಗ್ಟನ್ ಕವಲು 1801ರಲ್ಲಿ ತೆರೆಯಿತು. ಆಮೇಲೆ ರೀಜೆಂಟ್ಸ್ ಕೆನಾಲ್ ತೋಡಿ, 1816ಕ್ಕೆ ಕ್ಯಾಮ್ಡೆನ್‌ವರೆಗೆ, 1820ಕ್ಕೆ ಥೇಮ್ಸ್ ಪಕ್ಕದ ಲೈಮ್‌ಹೌಸ್‌ವರೆಗೆ ಮುಟ್ಟಿಸಿದರು. ಎರಡು ದಶಕ ಕಳೆಯುವುದರೊಳಗೆ ರೈಲು ಬಂತು, ಕಾಲುವೆಯ ವ್ಯಾಪಾರ ನಿಧಾನಕ್ಕೆ ಇಳಿಯಿತು. 1960ರ ದಶಕದಲ್ಲಿ ಸರಕು ದೋಣಿಗಳು ಬಹುಪಾಲು ನಿಂತೇಹೋದವು.

ಬೇಸಿನ್ ಕಡೆ ಮೊದಲು ಹೋಗಿ ಬನ್ನಿ, ಹದಿನೈದು ಇಪ್ಪತ್ತು ನಿಮಿಷ ಸಾಕು. ಸುತ್ತ ಗಾಜಿನ ಆಫೀಸು ಕಟ್ಟಡಗಳು, ಊಟದ ಹೊತ್ತಿಗೆ ಟೈ ಕಟ್ಟಿದವರು ನೀರಿನ ಪಕ್ಕ ಕೂತು ತಿನ್ನುವುದು ಬಿಟ್ಟರೆ ನನಗೆ ಅಲ್ಲಿ ಹೆಚ್ಚು ರುಚಿ ಕಾಣಲಿಲ್ಲ. ಬೀಸಣಿಗೆಯ ಥರ ಬಿಡಿಸಿಕೊಂಡು ಮೇಲೇಳುವ ಕಾಲುಸೇತುವೆ ಒಂದಿದೆ, ಆದರೆ ಅದು ಏಳುವುದು ನಿಗದಿ ಮಾಡಿದ ಹೊತ್ತಿಗೆ ಮಾತ್ರ. ಪಕ್ಕದಲ್ಲೇ ಸೇಂಟ್ ಮೇರೀಸ್ ಆಸ್ಪತ್ರೆ. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ ಕಂಡುಹಿಡಿದದ್ದು ಅಲ್ಲೇ. ಪ್ರೇಡ್ ಸ್ಟ್ರೀಟ್ ಕಡೆ ಗೋಡೆಯ ಮೇಲೆ ಫಲಕ ಇದೆ.

ನೀರಿನ ಮೇಲೆ ನೀವೇ ಓಡಾಡಬೇಕು ಅನ್ನಿಸಿದರೆ ಬೇಸಿನ್‌ನಲ್ಲಿ ಸಣ್ಣ ಬ್ಯಾಟರಿ ದೋಣಿ ಬಾಡಿಗೆಗೆ ಕೊಡುತ್ತಾರೆ, ಎಂಟು ಜನ ಕೂರಬಹುದು, ಲೈಸೆನ್ಸ್ ಬೇಡ. ಶನಿವಾರ ಮಕ್ಕಳ ಜತೆ ಹೋದರೆ ಇದು ಒಳ್ಳೆ ಮೋಜು. ಇಬ್ಬರಿಗಾದರೆ ದುಬಾರಿ.

ಲಿಟ್ಲ್ ವೆನಿಸ್‌ಗೆ

ಈಗ ತಿರುಗಿ ಎಡಕ್ಕೆ. ಷೆಲ್ಡನ್ ಸ್ಕ್ವೇರ್ ಅನ್ನುವ ಹುಲ್ಲಿನ ಮೆಟ್ಟಿಲುಗಳ ಜಾಗ ದಾಟಿ, ವೆಸ್ಟ್‌ವೇ ಎಂಬ ದೊಡ್ಡ ಫ್ಲೈಓವರ್ ಕೆಳಗೆ ಹೋಗುತ್ತೀರಿ. ತಲೆ ಮೇಲೆ ಗುಡುಗುಡು ಲಾರಿ ಸದ್ದು, ಕೆಳಗೆ ಸುಮ್ಮನಿರುವ ನೀರು. ಅಲ್ಲಿ ಸ್ವಲ್ಪ ಬೇಜಾರಾಗಬಹುದು, ಇದನ್ನು ನೋಡಲು ಬಂದೆವಾ ಅಂತ. ಇನ್ನು ಕೆಲವೇ ಹೆಜ್ಜೆ. ಸೇತುವೆ ದಾಟಿದ ತಕ್ಷಣ ಕಾಲುವೆ ಅಗಲವಾಗಿ ಒಂದು ಕೆರೆಯಾಗುತ್ತದೆ, ನಡುವೆ ಮರಗಳಿರುವ ಸಣ್ಣ ದ್ವೀಪ, ಸುತ್ತ ಬಿಳಿ ಗಾರೆಯ ಎತ್ತರದ ಮನೆಗಳು.

ಆ ಕೆರೆಗೆ ಬ್ರೌನಿಂಗ್ಸ್ ಪೂಲ್ ಅನ್ನುತ್ತಾರೆ. ಪಕ್ಕದ ವಾರಿಕ್ ಕ್ರೆಸೆಂಟ್‌ನಲ್ಲಿ ಕವಿ ರಾಬರ್ಟ್ ಬ್ರೌನಿಂಗ್ ಬಹಳ ವರ್ಷ ಇದ್ದ. ಮೂರು ಕಾಲುವೆ ಇಲ್ಲಿ ಸೇರುತ್ತವೆ: ನೀವು ಬಂದ ಪ್ಯಾಡಿಂಗ್ಟನ್ ಕವಲು, ಪಶ್ಚಿಮಕ್ಕೆ ಹೋಗುವ ಗ್ರ್ಯಾಂಡ್ ಯೂನಿಯನ್, ಪೂರ್ವಕ್ಕೆ ಹೋಗುವ ರೀಜೆಂಟ್ಸ್. ಕೆರೆ ದಂಡೆಯಲ್ಲಿ ರೆಂಬ್ರಾಂಟ್ ಗಾರ್ಡನ್ಸ್ ಅನ್ನುವ ಸಣ್ಣ ಪಾರ್ಕ್ ಇದೆ, ಬೆಂಚ್ ಇದೆ. ಮನೆಯಿಂದ ತಂದ ಚಪಾತಿಯೋ ಕಡಂಬಿಟ್ಟೋ ಏನಿದ್ದರೂ ತಿನ್ನಲು ಇದಕ್ಕಿಂತ ಒಳ್ಳೆ ಜಾಗ ಇಲ್ಲ. ದಂಡೆಗೆ ಕಟ್ಟಿದ ದೋಣಿಯಲ್ಲೇ ಒಂದು ಕೆಫೆ ನಡೆಯುತ್ತದೆ. ಕಾಫಿಗೆ ಮೂರು ನಾಲ್ಕು ಪೌಂಡ್. ರೂಪಾಯಿಗೆ ಗುಣಿಸಬೇಡಿ, ನಮ್ಮ ಚೀಲಕ್ಕೆ ಸಿಗುವ ರೇಟಿನ ಜತೆ ಹೋಲಿಸಲಂತೂ ಹೋಗಬೇಡಿ, ಕುಡಿದದ್ದು ಅರಗುವುದಿಲ್ಲ.

ಇಲ್ಲಿ ನೋಡಬೇಕಾದದ್ದು ದೋಣಿಗಳನ್ನು. ನ್ಯಾರೋಬೋಟ್ ಅನ್ನುತ್ತಾರೆ. ಅಗಲ ಬರೀ ಏಳು ಅಡಿ, ಉದ್ದ ಎಪ್ಪತ್ತು ಅಡಿವರೆಗೂ ಇರುತ್ತದೆ. ಒಂದು ಲೈನ್‌ಮನೆಯನ್ನು ಹಾಗೇ ನೀರಿಗೆ ಇಳಿಸಿ ಬಣ್ಣ ಬಳಿದಂತೆ ಕಾಣುತ್ತವೆ. ಒಳಗೆ ಸೌದೆ ಒಲೆ, ಮಂಚ, ಅಡುಗೆ ಜಾಗ ಎಲ್ಲ ಇದೆ. ಮಾಡಿನ ಮೇಲೆ ಹೂಕುಂಡ, ಸೋಲಾರ್ ಪ್ಯಾನೆಲ್, ಸೌದೆ, ಸೈಕಲ್. ಲಂಡನ್‌ನಲ್ಲಿ ಮನೆ ಬಾಡಿಗೆ ಕೊಡಲಾಗದೆ ದೋಣಿಗೆ ಬಂದವರೂ ಇದ್ದಾರೆ, ಇಷ್ಟಪಟ್ಟು ಬಂದವರೂ ಇದ್ದಾರೆ. ಕಟ್ಟಲು ಕಾಯಂ ಜಾಗ ಇಲ್ಲದವರು ಒಂದೇ ಕಡೆ 14 ದಿನಕ್ಕಿಂತ ಹೆಚ್ಚು ನಿಲ್ಲುವ ಹಾಗಿಲ್ಲ, ಮುಂದೆ ಸಾಗುತ್ತಿರಬೇಕು. ಬುಡ ಕಿತ್ತು ಬೇರೆ ಕಡೆ ಹೋಗುವುದು ಅಂದರೆ ನಮಗೆ ದೊಡ್ಡ ಮಾತು, ಅವರಿಗೆ ಎರಡು ವಾರಕ್ಕೊಮ್ಮೆಯ ಕೆಲಸ.

ಅವು ಮನೆಗಳು ಅನ್ನುವುದನ್ನು ಮರೆಯಬೇಡಿ. ಕಿಟಕಿಗೆ ಮುಖ ಇಟ್ಟು ನೋಡುವುದು, ದೋಣಿ ಮೇಲೆ ಹತ್ತಿ ಸೆಲ್ಫಿ ತೆಗೆಯುವುದು ಬೇಡ. ಯಾರಾದರೂ ಹೊರಗೆ ಕೂತಿದ್ದರೆ ಗುಡ್ ಮಾರ್ನಿಂಗ್ ಅನ್ನಿ. ಮಾತಾಡುವ ಮನಸ್ಸಿದ್ದವರು ತಾವೇ ಮಾತು ಶುರು ಮಾಡುತ್ತಾರೆ, ನೀವೆಲ್ಲಿಯವರು, ಕಾಫಿ ಬೆಳೆಯುತ್ತೀರಾ, ಹೌದಾ ಅಂತ.

ಇಲ್ಲಿಂದ ವಾರಿಕ್ ಅವೆನ್ಯೂ ಟ್ಯೂಬ್ (ಸುರಂಗ ರೈಲು) ಸ್ಟೇಷನ್ ಐದು ನಿಮಿಷ. ಅದರ ಹತ್ತಿರ ವಾರಿಂಗ್ಟನ್ ಕ್ರೆಸೆಂಟ್‌ನಲ್ಲಿ, ಈಗ ಹೋಟೆಲ್ ಆಗಿರುವ ಕಟ್ಟಡದಲ್ಲಿ, 1912ರಲ್ಲಿ ಅಲನ್ ಟ್ಯೂರಿಂಗ್ ಹುಟ್ಟಿದ್ದು. ಕಂಪ್ಯೂಟರ್ ವಿಜ್ಞಾನಕ್ಕೆ ಬುನಾದಿ ಹಾಕಿದವನು. ಮಗ ಸಾಫ್ಟ್‌ವೇರ್‌ನಲ್ಲಿದ್ದರೆ ಸಂಜೆ ಊಟದ ಹೊತ್ತಿಗೆ ಕೇಳಿ ನೋಡಿ, ಅವನಿಗೆ ಗೊತ್ತಿರುವುದು ಅನುಮಾನ. ಟ್ಯೂರಿಂಗ್‌ನ ಅಪ್ಪ ಮದ್ರಾಸ್ ಪ್ರಾಂತ್ಯದಲ್ಲಿ ಅಧಿಕಾರಿ, ತಾಯಿಯ ಅಪ್ಪ ಮದ್ರಾಸ್ ರೈಲ್ವೆಯ ಮುಖ್ಯ ಎಂಜಿನಿಯರ್.

ಕಾಲು ನೋವು, ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಿ ಟ್ಯೂಬ್ ಹತ್ತಬಹುದು. ಮುಂದೆ ಹೋಗುವವರು ಪೂರ್ವವೋ ಪಶ್ಚಿಮವೋ ತೀರ್ಮಾನಿಸಬೇಕು. ಒಂದೇ ದಿನ ಎರಡೂ ಬೇಡ.

ಪೂರ್ವದ ದಾರಿ: ಕ್ಯಾಮ್ಡೆನ್‌ವರೆಗೆ

ಸುಮಾರು ನಾಲ್ಕು ಕಿಲೋಮೀಟರ್. ನಿಧಾನಕ್ಕೆ ನಡೆದರೆ ಒಂದೂವರೆ ಗಂಟೆ. ಲಿಟ್ಲ್ ವೆನಿಸ್‌ನಿಂದ ಕ್ಯಾಮ್ಡೆನ್‌ಗೆ ಪ್ರಯಾಣಿಕರ ದೋಣಿಯೂ ಇದೆ, ಮುಕ್ಕಾಲು ಗಂಟೆಯ ಮೇಲೆ ಸ್ವಲ್ಪ. ಬೇಸಿಗೆಯಲ್ಲಿ ದಿನಾ ಇರುತ್ತದೆ, ಚಳಿಗಾಲದಲ್ಲಿ ಕಡಿಮೆ. ನನ್ನ ಸಲಹೆ, ಒಂದು ಕಡೆ ದೋಣಿ, ಒಂದು ಕಡೆ ನಡಿಗೆ.

ದೋಣಿ ಯಾಕೆ ಅಂದರೆ ಮೇಡಾ ಹಿಲ್ ಸುರಂಗ. 249 ಮೀಟರ್ ಉದ್ದ, ಒಳಗೆ ಕಾಲುದಾರಿ ಇಲ್ಲ. ಹಿಂದೆ ಇಲ್ಲಿ ಕುದುರೆಯನ್ನು ಬಿಚ್ಚಿ ಗುಡ್ಡದ ಮೇಲಿಂದ ನಡೆಸಿಕೊಂಡು ಹೋಗುತ್ತಿದ್ದರು. ದೋಣಿಯವರು ಬೆನ್ನ ಮೇಲೆ ಮಲಗಿ, ಸುರಂಗದ ಗೋಡೆಗೆ ಪಾದ ಒತ್ತಿ, ಒತ್ತಿ, ಕಾಲಲ್ಲೇ ದೋಣಿಯನ್ನು ಆಚೆ ತಳ್ಳುತ್ತಿದ್ದರು. ಕತ್ತಲಲ್ಲಿ, ತುಂಬಿದ ದೋಣಿಯನ್ನು! ಒಳಗೆ ಹೋಗುವಾಗ ಇದು ಗೊತ್ತಿದ್ದರೆ ಆ ಗೋಡೆ ಬೇರೆಯೇ ಕಾಣುತ್ತದೆ.

ನಡೆಯುವವರು ಬ್ಲೂಮ್‌ಫೀಲ್ಡ್ ರೋಡ್ ಹಿಡಿಯಿರಿ. ಅಲ್ಲಿ ನೀರಿನ ಪಕ್ಕದ ಪಟ್ಟಿ ದೋಣಿಯವರ ಖಾಸಗಿ ಜಾಗ, ಗೇಟ್ ಹಾಕಿರುತ್ತದೆ, ರಸ್ತೆಯಲ್ಲೇ ಹೋಗಬೇಕು. ಎಡ್ಜ್‌ವೇರ್ ರೋಡ್ ದಾಟಿ ಅಬರ್ಡೀನ್ ಪ್ಲೇಸ್ ಹಿಡಿದು ಹೋದರೆ ಸುರಂಗದ ಆಚೆ ಬದಿಯಲ್ಲಿ ಮೆಟ್ಟಿಲು ಇಳಿದು ಮತ್ತೆ ದಂಡೆಗೆ ಬರಬಹುದು. ಮಂಡಿ ನೋವಿರುವವರಿಗೆ ಈ ಮೆಟ್ಟಿಲೇ ಕಷ್ಟ, ಅವರು ದೋಣಿಯಲ್ಲೇ ಬನ್ನಿ.

ಮುಂದೆ ರೀಜೆಂಟ್ಸ್ ಪಾರ್ಕ್ ಅಂಚು. ಮರಗಳು ಎರಡೂ ಕಡೆಯಿಂದ ಬಾಗಿರುತ್ತವೆ. ಅಲ್ಲಿ ಮ್ಯಾಕಲ್ಸ್‌ಫೀಲ್ಡ್ ಬ್ರಿಡ್ಜ್ ಅನ್ನುವ ಸೇತುವೆ ಸಿಗುತ್ತದೆ, ಜನ ಕರೆಯುವುದು ಬ್ಲೋ-ಅಪ್ ಬ್ರಿಡ್ಜ್ ಅಂತ. 1874ರ ಅಕ್ಟೋಬರ್ 2ರ ಬೆಳಗಿನ ಜಾವ ಸಿಡಿಮದ್ದು ತುಂಬಿದ್ದ ಟಿಲ್ಬರಿ ಅನ್ನುವ ದೋಣಿ ಇದರ ಕೆಳಗೇ ಸಿಡಿಯಿತು. ದೋಣಿಯಲ್ಲಿದ್ದ ಮೂವರು ಸತ್ತರು, ಸೇತುವೆ ಪುಡಿಯಾಯಿತು. ಕಬ್ಬಿಣದ ಕಂಬಗಳು ಮಾತ್ರ ಉಳಿದವು. ಅವನ್ನೇ ಮತ್ತೆ ನಿಲ್ಲಿಸಿ ಸೇತುವೆ ಕಟ್ಟಿದರು. ಆ ಕಂಬಗಳ ಹತ್ತಿರ ಹೋಗಿ ಕೈ ಆಡಿಸಿ. ಕುದುರೆ ಹಗ್ಗ ವರ್ಷಗಟ್ಟಲೆ ಉಜ್ಜಿ ಕಬ್ಬಿಣದಲ್ಲಿ ಆಳವಾದ ಗೆರೆ ಬಿದ್ದಿದೆ. ಕಂಬಗಳನ್ನು ಮತ್ತೆ ನಿಲ್ಲಿಸುವಾಗ ತಿರುಗಿಸಿದ್ದರಿಂದ ಗೆರೆ ಎರಡೂ ಬದಿಗೆ ಇದೆ, ನೀರಿನ ಬದಿಗೂ, ಅದರ ಹಿಂದಿನ ಬದಿಗೂ. ಇಡೀ ದಾರಿಯಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ, ಮ್ಯೂಸಿಯಂನಲ್ಲಿ ಗಾಜಿನ ಹಿಂದೆ ಇಡುವಂಥದ್ದು ಇಲ್ಲಿ ದಾರಿ ಬದಿಯಲ್ಲಿದೆ.

ಆಮೇಲೆ ಲಂಡನ್ ಝೂ ಬರುತ್ತದೆ. ಕಾಲುವೆ ಅದರ ನಡುವೆಯೇ ಹಾದುಹೋಗುವುದರಿಂದ ಟಿಕೆಟ್ ಇಲ್ಲದೆ ಒಂದೆರಡು ಪ್ರಾಣಿ ಕಾಣುತ್ತವೆ. ನಾಗರಹೊಳೆ ಪಕ್ಕದಿಂದ ಬಂದವರಿಗೆ, ತೋಟಕ್ಕೆ ಆನೆ ನುಗ್ಗುವುದನ್ನು ನೋಡಿದವರಿಗೆ, ಇದರಲ್ಲಿ ವಿಶೇಷ ಇಲ್ಲ.

ಕ್ಯಾಮ್ಡೆನ್‌ಗೆ ಬಂದಾಗ ಲಾಕ್ ನೋಡಲೇಬೇಕು. ದೋಣಿಯನ್ನು ಒಂದು ಮಟ್ಟದಿಂದ ಇನ್ನೊಂದು ಮಟ್ಟಕ್ಕೆ ಇಳಿಸುವ, ಎರಡೂ ಕಡೆ ಗೇಟ್ ಇರುವ ತೊಟ್ಟಿ ಅದು. ಲಿಟ್ಲ್ ವೆನಿಸ್‌ನಿಂದ ಇಲ್ಲಿಯವರೆಗೆ ನೀರು ಒಂದೇ ಮಟ್ಟ. ಇಲ್ಲಿಂದ ಥೇಮ್ಸ್ ಕಡೆಗೆ 12 ಲಾಕ್‌ಗಳಲ್ಲಿ 26 ಮೀಟರ್ ಇಳಿಯುತ್ತದೆ. ದೋಣಿ ಒಳಗೆ ಬಂದ ಮೇಲೆ ಹಿಂದಿನ ಗೇಟ್ ಮುಚ್ಚುತ್ತಾರೆ, ಮುಂದಿನ ಗೇಟಿನ ತೂಬು ತೆರೆಯುತ್ತಾರೆ. ನೀರು ಇಳಿಯುತ್ತದೆ, ದೋಣಿಯೂ ಇಳಿಯುತ್ತದೆ, ಮಟ್ಟ ಸಮನಾದಾಗ ಮುಂದಿನ ಗೇಟ್ ತೆರೆಯುತ್ತದೆ. ಮೋಟರ್ ಇಲ್ಲ. ದೋಣಿಯವರೇ ದಪ್ಪ ಮರದ ತೊಲೆಗೆ ಬೆನ್ನು ಕೊಟ್ಟು ಗೇಟ್ ತಳ್ಳುತ್ತಾರೆ. ಪಕ್ಕದ ಕ್ಯಾಮ್ಡೆನ್ ಮಾರ್ಕೆಟ್‌ನಲ್ಲಿ ಎಲ್ಲ ದೇಶದ ತಿಂಡಿ ಸಿಗುತ್ತದೆ. ಆದರೆ ಶನಿವಾರ ಭಾನುವಾರ ಕಾಲಿಡಲು ಜಾಗ ಇರುವುದಿಲ್ಲ, ವಾರದ ಮಧ್ಯೆ ಹೋಗಿ.

ಪಶ್ಚಿಮದ ದಾರಿ: ಕೆನ್ಸಲ್ ಗ್ರೀನ್‌ವರೆಗೆ

ಇದು ಚೆಂದದ ದಾರಿ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ಬಿಳಿ ಮನೆಗಳು ಬೇಗ ಮುಗಿಯುತ್ತವೆ. ಆಮೇಲೆ ಫ್ಲೈಓವರ್, ಗೋಡೆ ಬರಹ, ಸಾಮಾನ್ಯ ಜನರ ಫ್ಲ್ಯಾಟ್‌ಗಳು. 1972ರಲ್ಲಿ ಮುಗಿದ 31 ಮಹಡಿಯ ಟ್ರೆಲ್ಲಿಕ್ ಟವರ್ ದೂರದಿಂದಲೇ ಕಾಣುತ್ತದೆ. ಹಗಲಿನಲ್ಲಿ ಮಾತ್ರ ಹೋಗಿ. ಲ್ಯಾಡ್‌ಬ್ರೋಕ್ ಗ್ರೋವ್ ಸೇತುವೆ ಬಂದಾಗ ರಸ್ತೆಗೆ ಹತ್ತಿ, ಉತ್ತರಕ್ಕೆ ಹ್ಯಾರೋ ರೋಡ್‌ವರೆಗೆ ಹೋಗಿ, ಎಡಕ್ಕೆ ತಿರುಗಿದರೆ ಕೆಲವು ನಿಮಿಷದಲ್ಲಿ ಕೆನ್ಸಲ್ ಗ್ರೀನ್ ಸ್ಮಶಾನದ ಕಲ್ಲಿನ ಹೆಬ್ಬಾಗಿಲು. ನಡೆಯಲಾಗದವರು ಪ್ಯಾಡಿಂಗ್ಟನ್‌ನಿಂದ ಬೇಕರ್‌ಲೂ ಲೈನ್ ಹತ್ತಿ ಕೆನ್ಸಲ್ ಗ್ರೀನ್ ಸ್ಟೇಷನ್‌ನಲ್ಲಿ ಇಳಿಯಬಹುದು.

1834ರಲ್ಲಿ ಕಂಪನಿ ಸರ್ಕಾರ ಕೊಡಗನ್ನು ವಶ ಮಾಡಿಕೊಂಡಾಗ ಚಿಕ್ಕವೀರರಾಜೇಂದ್ರನನ್ನು ಮಡಿಕೇರಿಯಿಂದ ಸಾಗಿಸಿ ಕೊನೆಗೆ ಕಾಶಿಯಲ್ಲಿಟ್ಟದ್ದು ನಮಗೆಲ್ಲ ಗೊತ್ತು. 1852ರಲ್ಲಿ ಅವನು ಮಗಳು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ. ಕಂಪನಿಯಿಂದ ತನಗೆ ಬರಬೇಕಾದ ಹಣಕ್ಕಾಗಿ ಅಲ್ಲಿನ ಕೋರ್ಟಿಗೂ ಹೋದ. ಮಗಳಿಗೆ ಅದೇ ವರ್ಷ ಕ್ರೈಸ್ತ ದೀಕ್ಷೆ ಆಯಿತು, ವಿಕ್ಟೋರಿಯಾ ರಾಣಿಯೇ ಧರ್ಮಮಾತೆ. ರಾಜ ಊರಿಗೆ ಮರಳಲಿಲ್ಲ. 1859ರ ಸೆಪ್ಟೆಂಬರ್‌ನಲ್ಲಿ ಲಂಡನ್‌ನಲ್ಲೇ ತೀರಿಕೊಂಡ. ಮಣ್ಣು ಮಾಡಿದ್ದು ಇಲ್ಲಿ. ಅಪ್ಪ ಲಿಂಗರಾಜೇಂದ್ರ, ದೊಡ್ಡಪ್ಪ ದೊಡ್ಡವೀರರಾಜೇಂದ್ರ ಮಡಿಕೇರಿಯ ಗದ್ದಿಗೆಯಲ್ಲಿ ಗುಮ್ಮಟದ ಕೆಳಗೆ, ಇವನೊಬ್ಬ ಈ ಕಾಲುವೆ ಪಕ್ಕ. ಅವನು ಒಳ್ಳೆಯವನಾಗಿದ್ದನಾ, ಕ್ರೂರಿಯಾಗಿದ್ದನಾ ಅನ್ನುವ ಜಗಳ ನಮ್ಮಲ್ಲಿ ಇನ್ನೂ ಮುಗಿದಿಲ್ಲ. ಅದನ್ನು ಇಲ್ಲಿ ಎತ್ತುವುದಿಲ್ಲ.

ಅದೇ 1859ರ ಸೆಪ್ಟೆಂಬರ್ 15ರಂದು ಇನ್ನೊಬ್ಬ ಸತ್ತ. ಪ್ಯಾಡಿಂಗ್ಟನ್ ಸ್ಟೇಷನ್ ಕಟ್ಟಿದ ಬ್ರೂನೆಲ್. ಅವನ ಸಮಾಧಿಯೂ ಇದೇ ಸ್ಮಶಾನದಲ್ಲಿ, ಅಷ್ಟು ದೊಡ್ಡ ಹೆಸರಿಗೆ ತೀರಾ ಸಾದಾ ಕಲ್ಲು. ರವೀಂದ್ರನಾಥ ಟ್ಯಾಗೋರರ ಅಜ್ಜ ದ್ವಾರಕಾನಾಥ ಟ್ಯಾಗೋರ್ 1846ರಲ್ಲಿ ಲಂಡನ್‌ನಲ್ಲಿ ತೀರಿಕೊಂಡಾಗ ಅವರನ್ನೂ ಇಲ್ಲೇ ಮಣ್ಣು ಮಾಡಿದ್ದು.

ಸ್ಮಶಾನ 1833ರದು, 72 ಎಕರೆ. ನಮ್ಮಲ್ಲಿ ಅದು ಒಂದು ಒಳ್ಳೆ ತೋಟದ ಅಳತೆ. ಅರ್ಧಕ್ಕರ್ಧ ಹುಲ್ಲು, ಮುಳ್ಳು, ಬಳ್ಳಿ ಮುಚ್ಚಿದ ಕಲ್ಲುಗಳು, ಎಷ್ಟೋ ಅಕ್ಷರ ಅಳಿಸಿಹೋಗಿವೆ. ಸುಮ್ನೆ ಒಳಗೆ ಹೋಗಿ ಹುಡುಕುತ್ತೇವೆ ಅಂದರೆ ಸಂಜೆಯಾದರೂ ಸಿಗುವುದಿಲ್ಲ. ಹೋಗುವ ಮೊದಲೇ ಸ್ಮಶಾನದ ಕಚೇರಿಗೆ ಮಗಳ ಕೈಲಿ ಒಂದು ಇಮೇಲ್ ಬರೆಸಿ, ಕೂರ್ಗ್‌ನ ರಾಜ, 1859 ಎಂದು ಹೇಳಿ ಜಾಗ ಕೇಳಿ. ಸ್ಮಶಾನದ ಗೆಳೆಯರ ಬಳಗದವರು ಭಾನುವಾರಗಳಂದು ಜನರನ್ನು ಕರೆದುಕೊಂಡು ಸುತ್ತಿಸುತ್ತಾರೆ, ದಿನ ನೋಡಿಕೊಂಡು ಹೋದರೆ ಒಳ್ಳೆಯದು. ಬೂಟು ಗಟ್ಟಿಯಾಗಿರಲಿ, ಮಳೆ ಬಂದಿದ್ದರೆ ಕೆಸರು. ಹತ್ತಿರದಲ್ಲೇ ಈಗಲೂ ಶವಸಂಸ್ಕಾರ ನಡೆಯುತ್ತಿರುತ್ತದೆ, ಜೋರಾಗಿ ಮಾತು ಬೇಡ.

ದಂಡೆಯ ಮೇಲೆ ಕೆಲವು ಎಚ್ಚರ

ಸೈಕಲ್‌ನವರು ಹಿಂದಿನಿಂದ ಬೆಲ್ ಹೊಡೆದು ಬರುತ್ತಾರೆ. ನಡೆಯುವವರಿಗೇ ಮೊದಲ ಹಕ್ಕು, ಆದರೂ ಸೇತುವೆ ಕೆಳಗೆ ದಾರಿ ಕಿರಿದು, ಒಂದು ಬದಿಗೆ ನಿಂತುಬಿಡಿ. ನೀರಿನ ಕಡೆ ಕಟಕಟೆ ಇಲ್ಲ, ಮೊಮ್ಮಕ್ಕಳ ಕೈ ಬಿಡಬೇಡಿ. ಸೈಕಲ್ ಮೇಲೆ ಬಂದು ಫೋನ್ ಕಿತ್ತುಕೊಂಡು ಹೋಗುವುದು ಲಂಡನ್‌ನಲ್ಲಿ ಬಹಳ ನಡೆಯುತ್ತದೆ, ಮ್ಯಾಪ್ ನೋಡಬೇಕಾದರೆ ಗೋಡೆ ಪಕ್ಕ ನಿಂತು ನೋಡಿ, ಆಮೇಲೆ ಒಳಜೇಬಿಗೆ ಹಾಕಿ. ಬಾತುಕೋಳಿಗೆ ಬ್ರೆಡ್ ಎಸೆಯಬೇಡಿ. ದೋಣಿಯ ಹಗ್ಗಕ್ಕೆ ಕಾಲು ಸಿಕ್ಕಿಸಿಕೊಳ್ಳಬೇಡಿ.

ಊಟಕ್ಕೆ ಎಡ್ಜ್‌ವೇರ್ ರೋಡ್ ಕಡೆ ಲೆಬನಾನಿನವರ ಹೋಟೆಲುಗಳು ಸಾಲಾಗಿವೆ. ಬಿಸಿ ರೊಟ್ಟಿ, ಕಡಲೆ ಚಟ್ನಿಯಂಥ ಹಮ್ಮಸ್, ಸುಟ್ಟ ಕುರಿಮಾಂಸ, ನಮ್ಮ ಬಾಯಿಗೆ ಹಿಡಿಸುತ್ತದೆ. ಹಂದಿ ಅಲ್ಲಿ ಸಿಗುವುದಿಲ್ಲ. ಅದು ಬೇಕಾದರೆ ಪಬ್‌ಗೆ ಹೋಗಿ, ಕಾಚಂಪುಳಿ ಇಲ್ಲದ ಹಂದಿಗೆ ಮನಸ್ಸು ಒಪ್ಪಿದರೆ.

ರಾಜನ ಜಾಗ ನೋಡಿದ ಮೇಲೆ ಗೌರಮ್ಮನದನ್ನೂ ನೋಡಬೇಕು ಅನ್ನಿಸುತ್ತದೆ. ಅವಳು 1864ರಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲೇ, ತೀರಿಕೊಂಡಳು. ಮಣ್ಣು ಮಾಡಿದ್ದು ಬ್ರಾಂಪ್ಟನ್ ಸ್ಮಶಾನದಲ್ಲಿ. ಪ್ಯಾಡಿಂಗ್ಟನ್‌ನಿಂದ ಡಿಸ್ಟ್ರಿಕ್ಟ್ ಲೈನ್‌ನಲ್ಲಿ ವಿಂಬಲ್ಡನ್ ಎಂದು ಬೋರ್ಡಿರುವ ರೈಲು ಹತ್ತಿದರೆ ಬದಲಾಯಿಸದೆ ವೆಸ್ಟ್ ಬ್ರಾಂಪ್ಟನ್‌ನಲ್ಲಿ ಇಳಿಯಬಹುದು, ಗೇಟ್ ಪಕ್ಕದಲ್ಲೇ. ಅದನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ. ಚಳಿಗಾಲದಲ್ಲಿ ಗೇಟ್ ಬೇಗ ಮುಚ್ಚುತ್ತಾರೆ, ಮಧ್ಯಾಹ್ನ ಊಟಕ್ಕೆ ಮೊದಲೇ ಹೋಗಿ.